ಉಬ್ಬು, ತಗ್ಗು

ರಾತ್ರಿ ಹತ್ತೂವರೆಗೆ ಮಂಡ್ಯ ಡಿಪೋದ ಕ್ಯಾಷ್ ಕೌಂಟರಿನಲ್ಲಿ
ಚೀಲಗಳು ಬೋರಲು ಬೀಳುತ್ತವೆ.
ಪಾಂಡವಪುರದ ಚಿಲ್ಲರೆಗೆ ಬೆಲ್ಲದ ಅಂಟು,
ಮೇಲುಕೋಟೆಯದಕ್ಕೆ ಚಿಟಿಕೆ ಕುಂಕುಮ,
ಮಳವಳ್ಳಿ ಲಾಸ್ಟ್ ಬಸ್ಸಿನದು ಬರೀ ಬೆವರು.
ಹೆಂಗಸರಿಗೆ ಟಿಕೆಟ್ಟಿನ ಕಾಸು ತಪ್ಪಿದ ಮೇಲೆ,
ಗಂಡಸರು ಫೋನು ತೋರಿಸಿ ಇಳಿಯತೊಡಗಿದ ಮೇಲೆ
ಚೀಲ ಹಗುರ. ನನಗೂ
ಒಂದೊಂದನ್ನೇ ತಿರುವಿ ನೋಡುವಷ್ಟು ಪುರುಸೊತ್ತು.

ತಿರುವುವುದು ಕಲಿಸಿದವರು ಇನಾಯತ್ ಸಾಹೇಬರು.
ಮೈಸೂರಿನ ಚಿಕ್ಕ ಗಡಿಯಾರದ ಹಿಂದಿನ ಸಂದಿಯಲ್ಲಿ
ವಾಚು ರಿಪೇರಿ. ಕಣ್ಣಿಗೆ ಕಚ್ಚಿಸಿದ ಮಸೂರ ತೆಗೆಯದೆಯೇ
ಟೀ ಕುಡಿಯುತ್ತಾರೆ, ಗಿರಾಕಿಯ ಮೇಲೆ ರೇಗುತ್ತಾರೆ.
"ಪುಟ ಮಗುಚಿದ ಹಾಗೆ ಪಕ್ಕಕ್ಕೆ ತಿರುವಮ್ಮ.
ಸಿಂಹ ನೆಟ್ಟಗೆ ನಿಂತರೆ ಸರಿ.
ವಾಲಿದರೆ, ಒಳಗೆ ಅಚ್ಚೇ ತಿರುಗಿಕೊಂಡಿದೆ."

ಇಸವಿಯ ಕೆಳಗೆ ಚುಕ್ಕಿ ಇದ್ದರೆ ನೋಯ್ಡಾ,
ನಕ್ಷತ್ರ ಹೈದರಾಬಾದು, ವಜ್ರ ಮುಂಬಯಿ,
ಏನೂ ಇಲ್ಲದ್ದು ಕಲ್ಕತ್ತ,
ಹೆಸರು ಹೇಳದೆ ಪಂಕ್ತಿಯಲ್ಲಿ ಕೂತ ನೆಂಟನ ಹಾಗೆ.
ಅಂಚು ಬಿಸ್ಕತ್ತಿನಂತೆ ಕಚ್ಚಿಹೋಗಿದ್ದರೆ
ತಗಡು ಕತ್ತರಿಸಿದವನಿಗೆ ಏನೋ ಅವಸರ.
ಬಿರುಕು ತಿಳಿಯಲು ಕಣ್ಣು ಸಾಲದು,
ಉಗುರು ಬೇಕು.
"ಅಚ್ಚಿನ ಗಾಯಕ್ಕೆ ಲೋಹ ನುಗ್ಗಿ
ನಾಣ್ಯದ ಮೇಲೆ ಗೆರೆ ಎದ್ದು ನಿಲ್ತದೆ.
ನಾಣ್ಯದ ಗಾಯ ಒಳಕ್ಕೆ ಇಳೀತದೆ. ಅದು ಹುಟ್ಟಿದ ಮೇಲಿನದ್ದು.
ಬೀಗದಕೈ, ಜಲ್ಲಿಕಲ್ಲು, ಲಾರಿ ಚಕ್ರ.
ಇಷ್ಟೇನೇ ವಿದ್ಯೆ," ಎಂದು
ಯಾರದೋ ವಾಚಿನ ಬೆನ್ನು ಬಿಚ್ಚಿದರು.

ಕಂಡಕ್ಟರ್ ಜವರಪ್ಪ, ಬ್ಯಾಡ್ಜು ನಾಲ್ಕು ನಾಲ್ಕು ಒಂದು ಏಳು,
ರಿಟೈರಾದ ದಿನ ಹಾರ ತೆಗೆಯದೆಯೇ ಕೌಂಟರಿಗೆ ಬಂದ.
ಹದಿನೆಂಟು ವರ್ಷ ನನ್ನ ಕಿಟಕಿಗೆ ಕೈ ನೀಡಿದವನು,
ಒಂದು ದಿನ ಒಂದು ರೂಪಾಯಿ ಕಮ್ಮಿ ಬಿದ್ದಿಲ್ಲ.
ಟಿಕೆಟ್ಟಿನ ಸುರುಳಿಯಲ್ಲಿ ಸುತ್ತಿದ ಎರಡರ ಬಿಲ್ಲೆ.
"ನಿಮ್ಗೆ ಇಂತವು ಆಗ್ತವಲ್ಲ ಮೇಡಮ್ಮೋರೆ.
ಒಂದ್ ಕಡೆ ಎಲ್ಲಾ ಉಲ್ಟಾ ಐತೆ. ಮಡಿಕಳಿ."
ಶ್ರೀರಂಗಪಟ್ಟಣದ ಸ್ಟ್ಯಾಂಡಿನಲ್ಲಿ ಯಾವನಿಗೋ
ಎಂಟುನೂರು ಎಣಿಸಿದನಂತೆ.
ಅದನ್ನು ಹೇಳಿದ್ದು ಡ್ರೈವರು, ಬಹಳ ದಿನದ ಮೇಲೆ.

ಸಾಹೇಬರು ಬಿಲ್ಲೆಯನ್ನು ಬೆಳಕಿಗೆ ಓರೆ ಹಿಡಿದರು.
ನಿಜವಾದದ್ದಾದರೆ
ಹಿಂದಿನ ನಾಣ್ಯ ಅಚ್ಚಿಗೆ ಅಂಟಿ ಉಳಿದು
ಮುಂದಿನದರ ಮೇಲೆ ತನ್ನ ಮುಖ ಒತ್ತುತ್ತದೆ.
ಆಗ ಒಂದು ಕಡೆ ಸಿಂಹವಿದ್ದರೆ
ಇನ್ನೊಂದು ಕಡೆಯೂ ಸಿಂಹವೇ, ಕನ್ನಡಿಯೊಳಗಿನದು.
"ಇಲ್ಲಿ ಆ ಕಡೆ ಸಿಂಹ, ಈ ಕಡೆ ಉಲ್ಟಾ ಎರಡು.
ಇದು ಯಾವ ಟಂಕಸಾಲೆಯಲ್ಲೂ ಆಗೋದಿಲ್ಲ.
ನೋಡು, ಅಡಿಯಲ್ಲಿ ನೆಟ್ಟಗಿನ ಎರಡು ಇನ್ನೂ ಉಸಿರಾಡ್ತಿದೆ.
ಸಿಂಹದ ಮೂಗು ಚಪ್ಪಟೆ.
ಗ್ಯಾರೇಜಿನ ವೈಸಿನಲ್ಲಿ ಎರಡು ಬಿಲ್ಲೆ ಇಟ್ಟು
ಬಿಗಿದಿದ್ದಾನೆ ಬಡ್ಡೀಮಗ. ಎಷ್ಟು ಕೊಟ್ಟೆ?"

"ಕೊಟ್ಟಿದ್ದಲ್ಲ. ಕೊಟ್ಟರು."

ಮೊದಲ ಸಲ ಅವರು ಮಸೂರ ಕಳಚಿದ್ದನ್ನು ಕಂಡೆ.
ನಲವತ್ತು ವರ್ಷ ಕಚ್ಚಿಸಿದ ಕಣ್ಣಿನ ಸುತ್ತ
ಉಂಗುರದಂಥ ತಗ್ಗು.
ಟೀಗೆ ನಾನೇ ಕಾಸು ಕೊಟ್ಟೆ.

ಕೊಪ್ಪಲಿನಿಂದ ಫೋನು ಬಂತು ಯುಗಾದಿಯ ದಿನ.
ಹಿಂದೆ ಕರುವಿನ ಕೂಗು, ಮೊಮ್ಮಗುವಿನ ರಂಪ.
"ಎಂಗೈತೆ ಮೇಡಮ್, ಒರಿಜಿನಲ್ಲಾ?"
"ಒರಿಜಿನಲ್ಲೇ," ಅಂದೆ,
ಲೆಕ್ಕದವಳ ನಾಲಗೆ ತಡವರಿಸಲಿಲ್ಲ.
"ನಂಗೊತ್ತಿತ್ತು ಬುಡಿ," ಅಂದ.

ನನ್ನ ಡಬ್ಬಿಯಲ್ಲಿ ಪ್ರತಿಯೊಂದಕ್ಕೂ ರಟ್ಟಿನ ಚೌಕ,
ಪೆನ್ಸಿಲಿನಲ್ಲಿ ವಿವರ.
ಹೈದರಾಬಾದು, ಅಚ್ಚು ಬಿರುಕು, ಉಬ್ಬು.
ನೋಯ್ಡಾ, ಅಂಚು ತುಂಡು.
ಅದರ ಮೇಲೆ ಬರೆದೆ:
ತಗ್ಗು. ಹುಟ್ಟಿದ ಮೇಲೆ ಆದದ್ದು. ಬ್ಯಾಡ್ಜು ೪೪೧೭.

ಇವತ್ತಿನ ನಾಗಮಂಗಲದ ಚೀಲದಲ್ಲಿ
ಎರಡು ರೂಪಾಯಿ ಹೆಚ್ಚು ಬರುತ್ತಿದೆ.
ಹೊಸ ಹುಡುಗ ಆಕಳಿಸುತ್ತ ನಿಂತಿದ್ದಾನೆ.
ಮತ್ತೆ ಎಣಿಸಬೇಕು.