ಜವೆಗೋಧಿಯ ಋಣ

ರೋಸ್ಟಾಕ್ ಬಂದರು, ತೊಂಬತ್ತೊಂದರ ಆಗಸ್ಟ್.
ತೂಕದ ಕಟ್ಟೆಯ ಮೇಲೆ ಜವೆಗೋಧಿ ತುಂಬಿದ ಲಾರಿ.
ಗಾಜಿನ ಗೂಡಿನೊಳಗೆ ಡೆಟ್ಲೆಫ್ ಪಾಗೆಲ್
ಪರದೆಗೆ ಒಮ್ಮೆ ಬೆರಳಿಂದ ಕುಟ್ಟಿ
ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ನನಗೆ ಫೋನು ಮಾಡಿದ:
"ಫ್ರಾವ್ ಲ್ಯೂಡರ್ಸ್, ಕೆಳಗೆ ಬನ್ನಿ.
ಈ ಲಾರಿ ಮೈನಸ್ ಇಪ್ಪತ್ತೇಳು ಸಾವಿರದ
ನೂರ ಮೂವತ್ತಾರು ಕಿಲೋ ತೂಗುತ್ತಿದೆ."

ಚಾಲಕ ಜೆನೋನ್, ಪೋಲೆಂಡಿನವನು,
ಕಿಟಕಿಯಿಂದ ತಲೆ ಹಾಕಿ ಕೇಳಿದ:
"ಅಂದರೆ ನಾನೇ ಸಾಲಗಾರನೋ, ನೀವೋ?"

ಮೇಲಿನ ಮಹಡಿಯ ಯಂತ್ರದಲ್ಲಿ ಇದೇ ಪ್ರೋಗ್ರಾಮು
ಎರಡು ವರ್ಷ ಕೆಮ್ಮದೆ ಓಡಿತ್ತು.
ಅಲ್ಲಿ ಇಂಟ್ ಎಂದರೆ ಮೂವತ್ತೆರಡು ಬಿಟ್,
ಗೂಡಿನ ಈ ಪುಟ್ಟ ಡಬ್ಬಿಯಲ್ಲಿ ಹದಿನಾರು.
ಹೆಸರೊಂದೇ, ಕೊಳಗ ಬೇರೆ.
ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳು
ದಾಟಿದ ಮರುಕಿಲೋಗೆ
ತುಂಬಿದ್ದೆಲ್ಲ ಋಣ.

ಭಾಷೆ ಸುಳ್ಳು ಹೇಳಿರಲಿಲ್ಲ.
ಅದು ಕೊಟ್ಟ ಮಾತು ಇಷ್ಟೇ:
ಹದಿನಾರಕ್ಕೆ ಕಡಿಮೆಯಿಲ್ಲ,
ಶಾರ್ಟ್‌ಗಿಂತ ಕಿರಿದಲ್ಲ, ಲಾಂಗ್‌ಗಿಂತ ಹಿರಿದಲ್ಲ.
ನಡುವಿನ ಮಗ ಎಷ್ಟು ಎತ್ತರ ಎಂದು ಕೇಳಿದರೆ
ಅಣ್ಣನನ್ನೂ ತಮ್ಮನನ್ನೂ ತೋರಿಸಿ
ಸುಮ್ಮನಾದ ಹಾಗೆ.
ಉಳಿದದ್ದನ್ನು ಊಹಿಸಿಕೊಂಡವಳು ನಾನು,
ನನ್ನ ಮೇಜೇ ಲೋಕವೆಂದು.

ಅಂದು ರಾತ್ರಿ ಕೂತು ಹುಡುಕಿದಾಗ
ಇನ್ನೊಂದು ಹುಳುಕು ಸಿಕ್ಕಿತು, ನನ್ನ ಹೆಸರಿನಲ್ಲೇ.
ಲ್ಯೂಡರ್ಸ್‌ನ ಎರಡನೆಯ ಅಕ್ಷರ,
ತಲೆಯ ಮೇಲೆ ಎರಡು ಚುಕ್ಕೆ ಹೊತ್ತದ್ದು,
ಒಂದು ಯಂತ್ರಕ್ಕೆ ಇನ್ನೂರ ಐವತ್ತೆರಡು,
ಇನ್ನೊಂದಕ್ಕೆ ಮೈನಸ್ ನಾಲ್ಕು.
ಚಾರ್‌ಗೆ ಚಿಹ್ನೆ ಇದೆಯೋ ಇಲ್ಲವೋ
ಯಾರೂ ತೀರ್ಮಾನಿಸಿಯೇ ಇರಲಿಲ್ಲ.
ಪಟ್ಟಿಯಲ್ಲಿ ನನ್ನನ್ನು ಹುಡುಕಹೋದರೆ
ಹೊಸಿಲಿಂದಾಚೆ ನಾಲ್ಕು ಹೆಜ್ಜೆ ಹಿಂದೆ,
ಯಾರದೋ ನೆನಪಿನ ಹಿತ್ತಿಲಲ್ಲಿ
ನಿಂತಿರುತ್ತಿದ್ದೆ.
ನಕ್ಕೆ. ಆಮೇಲೆ ನಗು ಬರಲಿಲ್ಲ.

ಬೆಳಗಿನ ಹೊತ್ತಿಗೆ ಒಂದು ಸಣ್ಣ ಕಡತ:
ಎಸ್ ಹದಿನಾರು, ಯು ಹದಿನಾರು,
ಎಸ್ ಮೂವತ್ತೆರಡು, ಯು ಮೂವತ್ತೆರಡು,
ಬೈಟಿಗೊಂದು ಯು ಎಂಟು.
ಯಾವ ಯಂತ್ರದಲ್ಲಿ ಯಾವ ಹೆಸರಿನ ಹಿಂದೆ ಏನಿರಬೇಕು,
ಇಲ್ಲಿ ಲಾಂಗ್, ಅಲ್ಲಿ ಇಂಟ್,
ಆ ಮನೆಜಗಳವೆಲ್ಲ ಈ ಒಂದು ಕೋಣೆಯೊಳಗೇ.
ಹೊರಗಿನ ನೂರಾರು ಪುಟಗಳಿಗೆ
ಮೂವತ್ತೆರಡು ಎಂದರೆ ಮೂವತ್ತೆರಡು.

ಪಾಗೆಲ್ ಥರ್ಮಾಸಿನಿಂದ ಕಾಫಿ ಬಗ್ಗಿಸಿ ಕೇಳಿದ:
"ನನ್ನ ಕಟ್ಟೆಗಾದರೆ ಅಳತೆ ಇಲಾಖೆಯವರು
ಕಬ್ಬಿಣದ ಬೊಡ್ಡೆಗಳನ್ನು ಹೊತ್ತು ಬರುತ್ತಾರೆ,
ತೂಗಿ ನೋಡಿ ಸೀಸದ ಮುದ್ರೆ ಒತ್ತುತ್ತಾರೆ.
ನಿಮ್ಮದಕ್ಕೆ ಮುದ್ರೆ ಯಾರದು?"

ಕಡತದ ಕೊನೆಯ ಸಾಲನ್ನು ತೋರಿಸಿದೆ.
ಅಳತೆ ಸರಿಯಿದ್ದರೆ ಒಂದು ಮನೆಯ ಸಾಲು ಕಟ್ಟು,
ತಪ್ಪಿದ್ದರೆ ಮೈನಸ್ ಒಂದು ಮನೆಯದ್ದು.
ಅಂಥ ಸಾಲನ್ನು ಯಾವ ಕಂಪೈಲರೂ ಕಟ್ಟಲಾರದು,
ಅಲ್ಲೇ ಕೈಚೆಲ್ಲಿ ಕೂರುತ್ತದೆ,
ಒಂದು ಲಾರಿಯೂ ಕಟ್ಟೆ ಹತ್ತುವ ಮೊದಲೇ.

ಪಾಗೆಲ್ ಬಹಳ ಹೊತ್ತು ನೋಡಿದ.
"ಕಳ್ಳನನ್ನೇ ಕಾವಲಿಗೆ ಇಟ್ಟಿದ್ದೀರಿ," ಎಂದ.

ಎಲ್ಲ ಮುಗಿಯಿತೆಂದಲ್ಲ.
ಬೈಟುಗಳಲ್ಲಿ ಯಾರು ಮೊದಲು, ಯಾರು ಕೊನೆಗೆ,
ಆ ಪಂಕ್ತಿಯ ವ್ಯಾಜ್ಯ ಹಾಗೇ ಇತ್ತು.
ಎಂಟು ವರ್ಷದ ಮೇಲೆ ಭಾಷೆಯೇ
ಇಂಥ ಹೆಸರುಗಳನ್ನು ಹಂಚಿತು,
ನನ್ನವಕ್ಕಿಂತ ಉದ್ದ, ಕೊನೆಗೊಂದು ಅಡ್ಡಗೆರೆ, ಟಿ.
ನನ್ನವನ್ನು ಒಂದೊಂದಾಗಿ ಅಳಿಸಿದೆ.
ಕಾವಲಿನ ಸಾಲನ್ನು ಮುಟ್ಟಲಿಲ್ಲ.

ಆದರೆ ಅಂದಿನ ಬೆಳಿಗ್ಗೆ
ಜೆನೋನನ ಲಾರಿ ಮತ್ತೆ ಕಟ್ಟೆ ಹತ್ತಿತು.
ಮೂವತ್ತೆಂಟು ಸಾವಿರದ ನಾನೂರು.
ಪಾಗೆಲ್ ಪರದೆಯನ್ನು ನೋಡಿದ,
ಲಾರಿಯ ಚಕ್ರಗಳನ್ನು ನೋಡಿದ,
ಪೆನ್ಸಿಲಿನ ತುದಿ ನಾಲಿಗೆಗೆ ತಾಗಿಸಿ
ತನ್ನ ಪುಸ್ತಕದಲ್ಲಿ ಬರೆದುಕೊಂಡ,
ಅಷ್ಟು ಅಗಲದ ಅಂಕಿಗೆ
ಸಾಕಷ್ಟು ಜಾಗ ಬಿಟ್ಟು.