ಯಾರ ಪೈಕಿ

ರಾಯಚೂರು ಜಿಲ್ಲಾ ಕೋರ್ಟಿನ ಬೇವಿನ ಗಿಡದ ಬುಡಕ್ಕೆ
ನನ್ನ ಮೇಜು. ಕುಂಟುವ ಕಾಲಿಗೆ ಹಳೆ ಗೆಜೆಟ್ ಮಡಚಿ ಇಟ್ಟಿದ್ದೇನೆ.
ಮೆಷಿನ್ನಿನಲ್ಲಿ ಷ ಸವೆದಿದೆ.
ಹೊಟ್ಟೆಯೊಳಗಿನ ಗೀಟು ಬೀಳುವುದಿಲ್ಲ,
ವರ್ಷ ಅಂತ ಹೊಡೆದರೆ ವರ್ಪ.
ರಿಪೇರಿಯ ಮೌಲಾಲಿ ಹೈದರಾಬಾದಿಗೆ ಹೋದವನು
ಈಗ ಮೊಬೈಲಿಗೆ ಗಾಜು ಹಚ್ಚುತ್ತಾನಂತೆ.

ಅವತ್ತು ಊಟದ ಹೊತ್ತಿಗೆ ಒಬ್ಬ ಬಂದ.
ಸಾದಾ ಅಂಗಿ, ಪೊಲೀಸ್ ಬೂಟು.
ನನಗೊಂದು ಚಹಾ ಹೇಳಿ, ದನಿ ತಗ್ಗಿಸಿ ಕೇಳಿದ:
"ಹಂಪಮ್ಮ ವಕೀಲರು ಅದಾರಲ್ಲ,
ಆಕಿ ಯಾರ ಪೈಕಿ?"

ಪೈಕಿ ಅಂದರೆ ನನಗೆ
ಸರ್ವೆ ನಂಬರ್ ನೂರಾ ಹದಿನಾಕರ ಪೈಕಿ ಎರಡೆಕರೆ ಏಳು ಗುಂಟೆ.
ನಲವತ್ತು ವರ್ಪ ಅದನ್ನೇ ಬಡಿದಿದ್ದೇನೆ.
ಮನುಷ್ಯರನ್ನೂ ಹಾಗೆ ಅಳೆಯುತ್ತಾರೆ, ಗೊತ್ತು,
ಊರೊಳಗೆ ನೀರು ಕೊಡುವ ಮೊದಲೇ ಕೇಳುವವರಿದ್ದಾರೆ.
ದಿಲ್ಲಿಯಿಂದ ಬಂದು ಕೇಳಿದ್ದು ಇದೇ ಮೊದಲು.

ಹೆಸರು ಹೈಕೋರ್ಟ್ ಜಡ್ಜಿಗೆ ಹೋಗಿದೆ ಅಂದ ದಿನ
ಬಾರ್ ರೂಮಿನಲ್ಲಿ ಪೇಡೆ ಹಂಚಿದರು.
ಪೇಡೆಯ ಡಬ್ಬಿ ಖಾಲಿಯಾಗುವುದರೊಳಗೆ ರೂಮು ಎರಡಾಯಿತು,
ನಡುವೆ ಒಂದೇ ಫ್ಯಾನು.
ಕಿಟಕಿ ಕಡೆಯವರೆಂದರು: ಹಮಾಲರ ಮುಷ್ಕರದಾಗ
ಪುಕ್ಕಟೆ ಜಾಮೀನು ಕೊಡಿಸಿದಾಕಿ, ಇನ್ನ ಹೇಳಬೇಕೇನು?
ಬಾಗಿಲ ಕಡೆಯವರೆಂದರು: ಆ ಸರ್ಕಾರ ಇದ್ದಾಗ
ಸರ್ಕಾರಿ ಪರ ವಾದ ಮಾಡಿದಾಕಿ, ಇನ್ನ ಹೇಳಬೇಕೇನು?
ಒಬ್ಬ ಹಳೆಯ ಲಗ್ನಪತ್ರಿಕೆಯನ್ನೇ ಹುಡುಕಿ ತಂದ,
ಮಾವನ ಹೆಸರಿನ ಮೇಲೆ ಯಾವ ಶಾಸಕನ ಹೆಸರಿದೆ, ನೋಡ್ರಿ!
ಗೆದ್ದ ಕೇಸು ಇವರಿಗೆ ಪುರಾವೆ,
ಸೋತದ್ದು ಅವರಿಗೆ.

ಆಮೇಲೆ ಸರ್ಕಾರ ಬದಲಾಯಿತು.
ಕಿಟಕಿಯವರು ಬಾಗಿಲಿಗೆ ಬಂದರು, ಬಾಗಿಲಿನವರು ಕಿಟಕಿಗೆ,
ಒಬ್ಬರ ಮಾತು ಇನ್ನೊಬ್ಬರು ಆಡಿದರು.
ಫೈಲು ಮಾತ್ರ ಕೂತಲ್ಲೇ ಕೂತಿತ್ತು.

ಅಕ್ಕಿ ಮಿಲ್ಲಿನ ಬೆಲ್ಟಿಗೆ ಮೂರು ಬೆರಳು ಕೊಟ್ಟ ಖಾಸಿಂಬಿ
ಶುಕ್ರವಾರಕ್ಕೊಮ್ಮೆ ಬಂದು ಕೇಳುತ್ತಾಳೆ,
ಅವಳ ಅಪೀಲು ಕಲಬುರಗಿಯಲ್ಲಿದೆ, ಹನ್ನೊಂದು ವರ್ಪ.
"ಕುರ್ಚಿ ತುಂಬಿತೇನಪಾ ಹುಸೇನಪ್ಪ?"
ಇನ್ನೂ ಇಲ್ಲ ಬೇ. ಯಾರ ಪೈಕಿ ಅಂತ ನೋಡಾಕ ಹತ್ಯಾರ.
ನಕ್ಕಳು. ಉಳಿದ ಎರಡು ಬೆರಳಲ್ಲಿ ಸೆರಗು ಸರಿಮಾಡಿಕೊಂಡಳು.
"ಖಾಲಿ ಕುರ್ಚಿ ಯಾರ ಪೈಕಿ ಅಂತ
ನಾ ಹೇಳತೀನಿ ಕೇಳು. ಮಿಲ್ ಸಾವಕಾರನ ಪೈಕಿ."

ಬೂಟಿನವನಿಗೆ ನಾನು ಹೇಳಿದ್ದು ಇಷ್ಟೇ:
ನನ್ನ ಗೋಡೆ ದಾವೆಯಲ್ಲಿ ಅವರು ಎದುರಿನವರ ವಕೀಲರು.
ನನಗೆ ಅನುಕೂಲವಾದ ನಗರಸಭೆಯ ನಕ್ಷೆ
ನನ್ನ ವಕೀಲ ಮನೆಯಲ್ಲೇ ಮರೆತು ಬಂದಿದ್ದ.
ತಮ್ಮ ಫೈಲಿನಿಂದ ತೆಗೆದು ಅವರೇ ಜಡ್ಜರ ಮುಂದಿಟ್ಟರು.
ಅಷ್ಟಾದರೂ ನಾನು ಸೋತೆ. ನಾಕು ಅಡಿ ಗೋಡೆ ಬಿತ್ತು.
ಇವತ್ತಿಗೂ ಸಿಟ್ಟಿದೆ. ಬರಕೊಳ್ರಿ.

ಅವನು ಬರೆದುಕೊಳ್ಳಲಿಲ್ಲ.
ಹಾಳೆಯಲ್ಲಿ ಎರಡೇ ಕಾಲಂ ಇದ್ದವು,
ನನ್ನ ಮಾತು ಎರಡರಲ್ಲೂ ಹಿಡಿಸಲಿಲ್ಲ.
ಚಹಾದ ದುಡ್ಡು ನಾನೇ ಕೊಟ್ಟೆ.

ಮೂರನೇ ಸಲ ಫೈಲು ವಾಪಸು ಬಂತು ಅಂದ ಸಂಜೆ
ಹಂಪಮ್ಮ ವಕೀಲರು ಕೋಟು ತೋಳಿಗೆ ಹಾಕಿಕೊಂಡು ಬಂದು
ಸ್ಟೂಲಿನ ಮೇಲೆ ಕೂತರು.
ಫೈಲಿನ ಮಾತು ಅವರು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.
ಖಾಸಿಂಬಿಯ ಅರ್ಜಿ. ಅವರು ಹೇಳಿದರು, ನಾನು ಹೊಡೆದೆ.
ಎಳೆದು ಕೊಟ್ಟೆ. ಓದುತ್ತಾ ಒಂದು ಕಡೆ ನಿಂತರು.
ನಿಪ್ಪಕ್ಷಪಾತ ಅಂತ ಬಿದ್ದಿತ್ತು.

ಬಯ್ಯಲಿಲ್ಲ. ಪೆನ್ನು ತೆಗೆದು
ಅಕ್ಷರದ ಹೊಟ್ಟೆಗೆ ಸಣ್ಣ ಗೀಟು ಎಳೆದರು.
ಮೇಲಿನ ಪ್ರತಿಗೆ, ಆಮೇಲೆ ಕಾರ್ಬನ್ ಪ್ರತಿಗಳಿಗೆ.
ಬೆಳಕು ಸಾಲದೆ ಕನ್ನಡಕ ಹಣೆಗೇರಿಸಿ
ನಾಲ್ಕನೆಯದನ್ನು ಕಣ್ಣಿನ ಹತ್ತಿರ ಹಿಡಿದಿದ್ದರು,
ಜವಾನ ಬಾಗಿಲಿಗೆ ಬೀಗ ಹಾಕುತ್ತಾ
"ಇನ್ನೂ ಇದ್ದೀರೇನ್ರಿ ಅಮ್ಮಾ" ಅಂದಾಗ.