ಸೀನು

ಗುರುವಾರ ಬಾಜೂಕ ಕುಂತ ಹೊಸ ಹುಡುಗಿ
ಹನ್ನೊಂದು ಸಲ ಸೀನಿದ್ಲು. ನಾನ ಎಣಿಸೇನಿ.
ಮೂಗಿಗೆ ಸೆರಗು ಒತ್ತಿಗೊಂಡು, ಕಣ್ಣಾಗ ನೀರು ತುಂಬಕೊಂಡು
"ನಿಮಗ ಹೆಂಗ ಬರೂದಿಲ್ಲ ಆಯೀ?" ಅಂದ್ಲು.

ಆಗ ಹೊಳೀತು:
ನಾ ಕಡೀಕ ಸೀನಿದ್ದು ಯಾವಾಗ?
ಮದುವಿ ಆಗಿ ಬ್ಯಾಡಗಿಗೆ ದುಡಿಯಾಕ ಬಂದ ವರ್ಷ
ಈ ದಲಾಲಿ ಅಂಗಡಿ ಬಾಗಲದಾಗ ಕಾಲಿಟ್ಟರ ಸಾಕು,
ಎದಿ ಒಡದು ಹೋಗೂವಂಥಾ ಸೀನು.
"ಬಂದ್ಲಪಾ ಸೀನವ್ವ" ಅಂತ ಹಮಾಲರು ನಗತಿದ್ರು.
ಆ ಹೆಸರು ಹೋಗಿದ್ದು ನೆನಪೈತಿ,
ಸೀನು ಹೋಗಿದ್ದು ಗೊತ್ತಾಗಲಿಲ್ಲ.
ಹೇಳದ ಕೇಳದ ಎದ್ದು ಹೋಗೇತಿ,
ಬಾಡಿಗಿ ಬಾಕಿ ಇಟ್ಟವರ ಹಂಗ, ರಾತ್ರೋರಾತ್ರಿ.

ಮತ್ತೇನೇನು ಹಂಗ ಹೋಗೇತಿ ಅಂತ
ತುಂಬು ಮುರಕೋತ ಲೆಕ್ಕಾ ಹಾಕಿದ್ನಿ.

ರೇಷನ್ ಅಂಗಡ್ಯಾಗ ಹೆಬ್ಬಟ್ಟು ಹತ್ತೂದಿಲ್ಲ ಈಗ.
ಒರಸಿ ಇಡು ಅಂತಾನ, ಒತ್ತಿ ಇಡು ಅಂತಾನ,
ಆ ಡಬ್ಬಿ ಕೆಂಪು ದೀಪ ಹಚ್ಚಿ ನೀ ನೀನಲ್ಲ ಅಂತೈತಿ.
ಮೂವತ್ತು ವರ್ಷ ಮೆಣಸಿನಕಾಯಿ ತಿಂದಾವ ಗೆರೀನೆಲ್ಲಾ.
ಬೆರಳಾಗಿಂದು ಅಳಿಸಿ ಮಾರಿ ಮ್ಯಾಲ ಎಳದಾವ.

ಮುಟ್ಟು ನಿಂತು ಒಂಬತ್ತು ತಿಂಗಳಾತು.
ಒಂಬತ್ತು ಅಂದಕೂಡ್ಲೆ ಮಾಬುಬಿ ನಕ್ಕಳು,
"ತೊಟ್ಟಿಲಾ ಕಟ್ಟೂಣೇನ?"
ನಾನೂ ನಕ್ನಿ. ಮನಿಗೆ ಹೋಗಿ
ಟ್ರಂಕಿನಾಗಿನ ಅರಿವಿ ಗಂಟು ತಗದು
ಇಡಬೇಕೋ ಚೆಲ್ಲಬೇಕೋ ತಿಳೀದ ಕುಂತಿದ್ನಿ ಭಾಳ ಹೊತ್ತು.
ಬ್ಯಾಸರ ಇರಲಿಲ್ಲ. ಖುಷೀನೂ ಇರಲಿಲ್ಲ.
ದಿನಾ ಕೆಂಪಿನ ರಾಶ್ಯಾಗ ಕುಂಡ್ರಾಕಿಗೆ
ಸ್ವಂತದ್ದೊಂದು ಕೆಂಪು ಇತ್ತಲ್ಲಾ, ಅಷ್ಟ.

ಗುಮಾಸ್ತ ಕೊಟ್ರೇಶಿ ಮೊದಲ ಅಕ್ಕಾ ಅಂತಿದ್ದ.
ಹೋದ ವಾರದಿಂದ ಆಯಿ ಆಗೇನಿ.
ನಡುವ ಚಿಗವ್ವ, ದೊಡ್ಡವ್ವ ಎರಡೂ ಸ್ಟಾಪು ಬಿಟ್ಟು
ನಾನ್‌ಸ್ಟಾಪ್ ಬಸ್ಸಿನ್ಹಂಗ ಒಯ್ದು ಇಳಿಸ್ಯಾನ.
"ಬ್ಯಾಡಗಿ ಕಾಯಿ ಸುಕ್ಕಿದ್ದಷ್ಟೂ ರೇಟು ಬಿಡ್ರಿ" ಅಂತ ಮಾತು ಬ್ಯಾರೆ.
ಖರೇನ ಐತಿ.
ನನ್ನ ಲಾಟಿಗೆ ಟೆಂಡರ ಯಾರು ಹಾಕತಾರಪಾ, ಅಂದ್ನಿ.

ಸಂಜೀಕ ತೂಕಾ ಆತು.
ನನ್ನ ಚೀಲ ಮೂವತ್ತೊಂದು ಕೇಜಿ, ಕೈ ಹೇಳತೈತಿ ನನಗ.
ಅವ ಇಪ್ಪತ್ತೊಂಬತ್ತು ಬರಕೊಂಡ.
ಮೊದಲಿನಾಕಿ ಆಗಿದ್ರ
ಅವರಪ್ಪನ ಹೆಸರು ಎತ್ತಿ, ಬಾಯಿ ಮಾಡಿ,
ಸಾಲಿಗೆ ಸಾಲ ಹೆಂಗಸರನ್ನ ಎಬ್ಬಿಸಿ ನಿಂದರಸ್ತಿದ್ನಿ.
ಅವತ್ತು "ಇರಲಿ ಬಿಡು" ಅಂದ್ನಿ.
ರೊಕ್ಕಾ ಸೆರಗಿಗೆ ಕಟಗೊಂಡು ಬಸ್‌ಸ್ಟ್ಯಾಂಡಿಗೆ ಬಂದ್ನಿ.

ಮೋಟೆಬೆನ್ನೂರ ಬಸ್ಸು ನಿಂತಿತ್ತು.
ಒಂದು ಕಾಲು ಮೆಟ್ಟಲ ಮ್ಯಾಲ ಇಟ್ನಿ. ಮೊಣಕಾಲು ಕಟ್ ಅಂತು.
ಅದಕ್ಕ ಹೆದರಲಿಲ್ಲ ನಾ, ಮೊಣಕಾಲು ಏನರ ಅಂತಿರತೈತಿ.
ಹೆದರಿಸಿದ್ದು ಆ "ಇರಲಿ ಬಿಡು."
ಸೀನು ಹೋದ್ಹಂಗ, ಗೆರಿ ಹೋದ್ಹಂಗ
ಸಿಟ್ಟೂ ಎದ್ದು ಹೋತೇನು?
ನನ್ನ ಮನ್ಯಾಗ ತಿಜೋರಿ ಅಂತ ಇದ್ದದ್ದು ಅದೊಂದ.

"ಹತ್ತತೀಯೋ ಇಲ್ಲೋ" ಅಂದ ಕಂಡಕ್ಟರ.
ಇಳದ್ನಿ.

ಹೊಳ್ಳಿ ಹೋದಾಗ ಶೆಟರು ಅರ್ಧಾ ಇಳಿಸಿದ್ದ.
ಬಗ್ಗಿ ಒಳಗ ಹೊಕ್ನಿ. ಬಗ್ಗಿದಾಕಿ ಏಳಾಕ
ಗ್ವಾಡಿ ಹಿಡೀಬೇಕಾತು, ಸುಳ್ಳ್ಯಾಕ ಹೇಳಲಿ.
"ಎರಡು ಕೇಜಿ ತಗಿಯೋ ಕೊಟ್ರೇಶಿ."
ಧ್ವನಿ ಒಡದಿತ್ತು. ಮೊದಲಿನ್ಹಂಗ ಛತ್ತಿಗೆ ಬಡೀಲಿಲ್ಲ.
ಆದ್ರೂ ಅವ ಚೀಲ ಮತ್ತ ತೂಗಿದ.
ಮೂವತ್ತು ಬಂತು. ಮೂವತ್ತೊಂದಲ್ಲ.
ಅವನೂ ನನ್ನ ಮಾರಿ ನೋಡಿದ, ನಾನೂ ನನ್ನ ಕೈ ನೋಡಕೊಂಡ್ನಿ.
ಒಂದು ಕೇಜಿ ರೊಕ್ಕಾ ಇಸಗೊಂಡ್ನಿ.

ಕಡೀ ಬಸ್ಸಿಗೆ ಇನ್ನೂ ಒಂದು ತಾಸಿತ್ತು.
ಕಟ್ಟಿ ಮ್ಯಾಲ ಕುಂತು ನೋಟು ಎಣಿಸಿದ್ನಿ,
ಹತ್ರ ಹಿಡದು ಒಮ್ಮೆ, ತೋಳುದ್ದ ಹಿಡದು ಒಮ್ಮೆ.
ದೂರ ಇದ್ದಷ್ಟೂ ಚಲೋ ಕಾಣತಾವ ಈಗ ಎಲ್ಲಾ.
ಗಾಳಿ ಬೀಸಿ, ಸೆರಗಿನಾಗಿನ ಘಾಟು ಎದ್ದು
ಮೂಗಿನಾಗ ಏನೋ ಕಚಗುಳಿ ಇಟ್ಟಂಗಾತು.
ಬಾಯಿ ತಗದು, ಕಣ್ಣು ಮುಚ್ಚಿ, ಕಾದ್ನಿ.

ಬರಲಿಲ್ಲ.